ಕರ್ಣನ ಗುಟ್ಟು ಅರ್ಜುನನಿಗೆ ಗೊತ್ತಾಗಬಾರದು

ಹೀಗೊಂದು ಸನ್ನಿವೇಶ ಊಹಿಸಿಕೊಳ್ಳಿ. ಶನಿವಾರ ರಾತ್ರಿ ಒಂಬತ್ತೂವರೆ. ವೈಟ್‌ಫೀಲ್ಡಿನ ಒಂದು ಫ್ಲ್ಯಾಟಿನಲ್ಲಿ ಒಂಬತ್ತನೇ ತರಗತಿಯ ಹುಡುಗನೊಬ್ಬ ಕಂಪ್ಯೂಟರಿನ ಮುಂದೆ ಮುಖ ಊದಿಸಿಕೊಂಡು ಕೂತಿದ್ದಾನೆ. ಎಲೆಕ್ಟ್ರಾನಿಕ್ ಸಿಟಿಯ ಹತ್ತಿರದ ಬಡಾವಣೆಯೊಂದರಲ್ಲಿ ಅವನದೇ ವಯಸ್ಸಿನ ಹುಡುಗಿಗೆ ಅಳು ಬರುವುದೊಂದು ಬಾಕಿ. ಪೀಣ್ಯದ ಬಾಡಿಗೆ ಮನೆಯಲ್ಲಿ ಮೂರನೆಯವನು ಅಮ್ಮನ ಮೊಬೈಲ್ ಹಿಡಿದುಕೊಂಡು, 'ನಾನೇನು ತಪ್ಪು ಮಾಡಿದೆ?' ಎಂದು ಗೊಣಗುತ್ತಿದ್ದಾನೆ. ಮೊದಲ ಪಾಳಿ ಮುಗಿಸಿ ಬಂದು, ಊಟ ಮಾಡಿ ಕೂತ ತಂದೆ ಕೇಳುತ್ತಾರೆ: 'ಏನೋ ಅದು? ನಾಡಿದ್ದು ಟೆಸ್ಟ್ ಇಲ್ವೇನೋ?'

ಮೂವರೂ ಹಿಂದೆ ಒಂದೇ ಶಾಲೆಯಲ್ಲಿ ಓದುತ್ತಿದ್ದವರು. ಈಗ ಊರಿನ ಮೂರು ಮೂಲೆಗೆ ಹಂಚಿಹೋಗಿದ್ದಾರೆ. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗಿ ಬರುವುದೆಂದರೆ ಅರ್ಧ ದಿನದ ಮಾತು. ಹಾಗಾಗಿ ವಾರಕ್ಕೆರಡು ರಾತ್ರಿ ಇಂಟರ್‌ನೆಟ್‌ನಲ್ಲಿ ಕೂಡಿ ಕಥೆ ಆಡುತ್ತಾರೆ. ಕಥೆಯ ಊರಿನ ಹೆಸರು ಹೊನ್ನಕೆರೆ. ಆ ಊರಿನ ಕೆರೆಯ ಏರಿ ಒಂದು ಮಳೆಗಾಲದ ರಾತ್ರಿ ಒಡೆದು, ಅರ್ಧ ಊರು ಕೊಚ್ಚಿಹೋಗಿದೆ. ವೈಟ್‌ಫೀಲ್ಡಿನ ಹುಡುಗನದು ನೀರುಗಂಟಿಯ ಪಾತ್ರ. ನೀರು ಏರುತ್ತಿದ್ದರೂ ಅವನು ತೂಬು ತೆಗೆದಿರಲಿಲ್ಲ. ಕೆಳಗಿನ ಗದ್ದೆಯಲ್ಲಿ ಅಣ್ಣನ ಭತ್ತ ಕೊಯ್ಲಿಗೆ ನಿಂತಿತ್ತು. ಹುಡುಗಿಯದು ಆ ನೆರೆಯಲ್ಲಿ ಅಪ್ಪನನ್ನು ಕಳೆದುಕೊಂಡ ಮಗಳ ಪಾತ್ರ. ಪೀಣ್ಯದ ಹುಡುಗ ಶಾನುಭೋಗರ ಮಗ. ನೀರುಗಂಟಿಯ ಗುಟ್ಟನ್ನು ಮೂವರೂ ಮೊದಲೇ ಮಾತಾಡಿಕೊಂಡು ನಿಶ್ಚಯಿಸಿದ್ದರು. ಅದು ನಿಧಾನವಾಗಿ, ದಸರಾ ರಜೆಯ ಹೊತ್ತಿಗೆ ಹೊರಬೀಳಬೇಕೆಂದೂ ಗೊತ್ತುಮಾಡಿಕೊಂಡಿದ್ದರು.

ಆ ರಾತ್ರಿ ಶಾನುಭೋಗರ ಮಗ ಸಂತೆಯ ನಡುವೆ ನಿಂತು, 'ತೂಬು ತೆಗೆಯದೆ ಊರು ಮುಳುಗಿಸಿದವನು ಈ ನೀರುಗಂಟಿ' ಎಂದು ಕೂಗಿಬಿಟ್ಟ. ಅಷ್ಟಕ್ಕೇ ನಿಲ್ಲಿಸದೆ, 'ನೀರುಗಂಟಿ ಬಿಕ್ಕಿ ಬಿಕ್ಕಿ ಅತ್ತು ತಪ್ಪೊಪ್ಪಿಕೊಂಡ' ಎಂದೂ ಬರೆದ.

'ನಿನಗೆ ಹೇಗೋ ಗೊತ್ತಾಯ್ತು?'

'ನಾವೇ ಸೇರಿ ಡಿಸೈಡ್ ಮಾಡಿದ್ವಲ್ಲ!'

'ನಾವು ಮಾಡಿದ್ವಿ. ಶಾನುಭೋಗರ ಮಗನಿಗೆ ಹೇಗೆ ಗೊತ್ತು?'

ಎರಡು ತಿಂಗಳು ಕಟ್ಟಿದ ಕಥೆ ಎರಡು ಸಾಲಿನಲ್ಲಿ ಕುಸಿದಿತ್ತು. ಸ್ನೇಹವೂ ಅದರ ಜೊತೆಗೇ ಕುಸಿಯುವ ಹಾಗಿತ್ತು. ಇದು ಊಹೆಯ ಚಿತ್ರ, ನಿಜ. ಆದರೆ ಇಂಥ ಕಥೆಯಾಟ ಆಡುವ ಮಕ್ಕಳಿಗೆ ಇಂಥ ಜಗಳ ಹೊಸತಲ್ಲ. ದೂರದಿಂದ ನೋಡುವ ತಂದೆ ತಾಯಿಗೆ ಇದು ಕೆಲಸಕ್ಕೆ ಬಾರದ ತಕರಾರಾಗಿ ಕಾಣಬಹುದು. ಆದರೆ ಮೂರನೆಯ ಸಾಲಿನಲ್ಲಿ ಆ ಹುಡುಗ ಕೇಳಿದ ಪ್ರಶ್ನೆ ಬಹಳ ಹಳೆಯದು. ಕನ್ನಡ ನಾಡಿನ ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲದ ರಾತ್ರಿಗಳಲ್ಲಿ ಹಿರಿಯರು ಆ ಪ್ರಶ್ನೆಯನ್ನು ತಲೆಮಾರುಗಳಿಂದ ನಿಭಾಯಿಸುತ್ತ ಬಂದಿದ್ದಾರೆ.

ಮೇಜಿನಿಂದ ಪರದೆಗೆ

ಹಲವರು ಒಂದೊಂದು ಪಾತ್ರ ವಹಿಸಿ, ಮಾತಿನಲ್ಲೇ ಕಥೆ ಬೆಳೆಸುವ ಆಟ ಇಂದಿನ ರೂಪದಲ್ಲಿ ಪ್ರಸಿದ್ಧವಾದದ್ದು ಅಮೆರಿಕದಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರೂಪಿಸಿದ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' 1974ರಲ್ಲಿ ಪ್ರಕಟವಾಯಿತು. ಮೇಜಿನ ಸುತ್ತ ನಾಲ್ಕೈದು ಜನ ಕೂತು ಆಡುವ ಈ ಆಟದಲ್ಲಿ ಕಥೆಯನ್ನು ನಡೆಸಿಕೊಂಡು ಹೋಗಲೆಂದೇ ಒಬ್ಬ ಇರುತ್ತಾನೆ. ಉಳಿದವರು ತಂತಮ್ಮ ಪಾತ್ರದ ಬಾಯಿಯಿಂದ ಮಾತಾಡುತ್ತಾರೆ. ಒಂದು ಕೆಲಸ ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ.

ನಾಲ್ಕು ವರ್ಷಗಳ ನಂತರ, 1978ರಲ್ಲಿ, ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಶಾ ಹಲವರು ಏಕಕಾಲಕ್ಕೆ ಒಂದೇ ಕಲ್ಪಿತ ಲೋಕದಲ್ಲಿ ಓಡಾಡುವಂಥ ಕಂಪ್ಯೂಟರ್ ಪ್ರೋಗ್ರಾಮೊಂದನ್ನು ಬರೆಯತೊಡಗಿದ. ಸಹಪಾಠಿ ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದ. 'ಮಡ್' ಎಂದು ಹೆಸರಾದ ಆ ಆಟದಲ್ಲಿ ಚಿತ್ರಗಳಿರಲಿಲ್ಲ. ಎಲ್ಲವೂ ಅಕ್ಷರದಲ್ಲೇ. 1989ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಆಸ್ಪ್‌ನೆಸ್ ರಚಿಸಿದ 'ಟೈನಿಮಡ್' ಹೊಡೆದಾಟವನ್ನು ಬದಿಗಿಟ್ಟು, ಕೂಡಿ ಮಾತಾಡುವುದಕ್ಕೂ ಹೊಸ ಸ್ಥಳಗಳನ್ನು ಕಟ್ಟುವುದಕ್ಕೂ ಒತ್ತು ಕೊಟ್ಟಿತು. ಇಂದು ಹದಿಹರೆಯದವರು ಡಿಸ್ಕಾರ್ಡ್‌ನಂಥ ಕಡೆಗಳಲ್ಲಿ ಬರೆದು ಆಡುವ ಕಥೆಗಳು ಈ ವಂಶಕ್ಕೆ ಸೇರಿದವು.

ಆಡುವವರ ಸಂಖ್ಯೆ ಹೆಚ್ಚಿದಂತೆ ಒಂದು ತೊಡಕೂ ಹೆಚ್ಚಿತು. ಮೇಜಿನ ಸುತ್ತ ನಾಲ್ವರಿದ್ದರೆ ಹಿಂದಿನ ವಾರ ಏನಾಯಿತೆಂದು ಎಲ್ಲರಿಗೂ ನೆನಪಿರುತ್ತದೆ. ನಲವತ್ತು ಮಂದಿ ಬೇರೆ ಬೇರೆ ಹೊತ್ತಿಗೆ ಬಂದು ಬರೆದು ಹೋಗುವಲ್ಲಿ ಒಬ್ಬನ ಕಥೆಯಲ್ಲಿ ಸತ್ತ ರಾಜ ಇನ್ನೊಬ್ಬನ ಕಥೆಯಲ್ಲಿ ಒಡ್ಡೋಲಗ ನಡೆಸುತ್ತಿರುತ್ತಾನೆ. ಒಬ್ಬಳ ಊರಿನಲ್ಲಿ ಬರಗಾಲ, ಪಕ್ಕದವಳ ಅಂಗಳದಲ್ಲಿ ಮಳೆ. ಎಲ್ಲರ ಪಾತ್ರಗಳ ಹಿಂದೆಯೂ ಇರುವ ಸಮಾನ ಕಥೆಯನ್ನು, ಅಂದರೆ ಯುದ್ಧ, ನೆರೆ, ರಾಜವಂಶ, ಹಳೆಯ ದ್ವೇಷ ಇವನ್ನೆಲ್ಲ, ಹೊಂದಿಸಿ ಇಟ್ಟುಕೊಳ್ಳುವುದೇ ಒಂದು ಪ್ರತ್ಯೇಕ ಕೆಲಸವಾಯಿತು. ಅದಕ್ಕೆ ಕಟ್ಟಳೆಗಳೂ ಹುಟ್ಟಿಕೊಂಡವು. ಎಲ್ಲರೂ ಒಪ್ಪಿದ ಕಥಾಭಾಗಕ್ಕೆ 'ಕ್ಯಾನನ್' ಎಂದು ಹೆಸರಾಯಿತು. ಆಡುವವನಿಗೆ ಗೊತ್ತಿದ್ದು ಪಾತ್ರಕ್ಕೆ ಗೊತ್ತಿಲ್ಲದ ಸಂಗತಿಯನ್ನು ಪಾತ್ರದ ಬಾಯಲ್ಲಿ ಆಡಿಸಿದರೆ ಅದು 'ಮೆಟಾಗೇಮಿಂಗ್'. ಇನ್ನೊಬ್ಬರ ಪಾತ್ರವನ್ನು ತಾನೇ ಅಳಿಸಿ, ನಗಿಸಿ, ಸೋಲಿಸಿದರೆ ಅದು 'ಗಾಡ್‌ಮಾಡಿಂಗ್'. ಪೀಣ್ಯದ ಹುಡುಗ ಒಂದೇ ಉಸಿರಿನಲ್ಲಿ ಎರಡನ್ನೂ ಮಾಡಿದ್ದ.

ಪದ್ಯ ಬರೆದದ್ದು, ಮಾತು ಬರೆಯದ್ದು

ಕರಾವಳಿಯ ಯಕ್ಷಗಾನ ಮೇಳಗಳು ಮೇ ತಿಂಗಳ ಕೊನೆಯ ಹೊತ್ತಿಗೆ, ಪತ್ತನಾಜೆಯ ದಿನ, ಗೆಜ್ಜೆ ಬಿಚ್ಚಿ ತಿರುಗಾಟ ನಿಲ್ಲಿಸುತ್ತವೆ. ಆಮೇಲೆ ಮಳೆಗಾಲವಿಡೀ ದೇವಸ್ಥಾನದ ಚಾವಡಿಗಳಲ್ಲಿ, ಶಾಲೆಗಳಲ್ಲಿ, ಮನೆಗಳಲ್ಲಿ ತಾಳಮದ್ದಳೆಯ ಕೂಟಗಳು ನಡೆಯುತ್ತವೆ. ಇಲ್ಲಿ ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ನಡುವೆ ಭಾಗವತರು ಹಾಡುತ್ತಾರೆ. ಜೊತೆಗೆ ಮದ್ದಳೆ, ಚೆಂಡೆ. ಅತ್ತಿತ್ತ ಅರ್ಥಧಾರಿಗಳು ಎದುರುಬದುರಾಗಿ ಕೂತು ರಾಮನಾಗಿ, ವಾಲಿಯಾಗಿ, ಕೃಷ್ಣನಾಗಿ, ಕೌರವನಾಗಿ ಮಾತಾಡುತ್ತಾರೆ. ಬೆಂಗಳೂರಿನಲ್ಲಿ ನೆಲೆಸಿದ ಕರಾವಳಿ, ಮಲೆನಾಡಿನವರು ಇಲ್ಲೂ ಈ ಕೂಟಗಳನ್ನು ನಡೆಸುತ್ತ ಬಂದಿದ್ದಾರೆ.

ಇದರಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಒಂದಿದೆ. ಪ್ರಸಂಗ ಪುಸ್ತಕದಲ್ಲಿರುವುದು ಪದ್ಯಗಳು ಮಾತ್ರ. ಪಾತ್ರಗಳು ಆಡಬೇಕಾದ ಮಾತು ಎಲ್ಲೂ ಬರೆದಿರುವುದಿಲ್ಲ. ಭಾಗವತರು ಒಂದು ಪದ್ಯ ಹಾಡಿ ನಿಲ್ಲಿಸಿದ ಮೇಲೆ ಆ ಪದ್ಯದ ಅರ್ಥವನ್ನು ಆಧಾರವಾಗಿಟ್ಟುಕೊಂಡು ಪಾತ್ರಧಾರಿ ಆ ಕ್ಷಣಕ್ಕೆ ತೋಚಿದಂತೆ ಮಾತು ಕಟ್ಟಬೇಕು. ಎದುರಿನವರು ಏನು ಕೇಳುತ್ತಾರೆಂದು ಮೊದಲೇ ತಿಳಿದಿರುವುದಿಲ್ಲ. ನಾಟಕದ ಹಾಗೆ ತಿಂಗಳುಗಟ್ಟಲೆ ತಾಲೀಮೂ ಇರುವುದಿಲ್ಲ. ಬೇರೆ ಬೇರೆ ಊರಿನಿಂದ ಬಂದ ನಾಲ್ವರು ಅರ್ಥಧಾರಿಗಳು ನೇರವಾಗಿ ವೇದಿಕೆಯ ಮೇಲೆ ಎದುರಾಗಿ ಮೂರು ನಾಲ್ಕು ಗಂಟೆ ಕಥೆ ನಡೆಸುವುದು ಇಲ್ಲಿ ಸಾಮಾನ್ಯ ಸಂಗತಿ. ಶೇಣಿ ಗೋಪಾಲಕೃಷ್ಣ ಭಟ್ಟ, ಮಲ್ಪೆ ಶಂಕರನಾರಾಯಣ ಸಾಮಗ, ದೇರಾಜೆ ಸೀತಾರಾಮಯ್ಯ ಮೊದಲಾದ ಹಿರಿಯರು ಮಾತನ್ನೇ ಕಲೆಯಾಗಿಸಿದ್ದು ಈ ಕೂಟಗಳಲ್ಲಿ. 1994ರಲ್ಲಿ ಸುರತ್ಕಲ್ ಕ್ಷೇತ್ರದಿಂದ ವಿಧಾನಸಭೆಗೆ ಆರಿಸಿಬಂದ ಕುಂಬ್ಳೆ ಸುಂದರ ರಾವ್ ಈ ಕಲೆಯ ಹೆಸರಾಂತ ಅರ್ಥಧಾರಿಯಾಗಿದ್ದವರು. ಸಂಪಾಜೆಯ ಜಬ್ಬಾರ್ ಸಮೊ ಪುರಾಣಪಾತ್ರಗಳ ಅರ್ಥಗಾರಿಕೆಗೆ ಹೆಸರಾದವರು.

ಬರೆದ ಮಾತಿಲ್ಲ, ತಾಲೀಮಿಲ್ಲ. ಆದರೂ ಕಥೆ ದಾರಿ ತಪ್ಪುವುದಿಲ್ಲ. ಇದು ಹೇಗೆ ಸಾಧ್ಯ? ಎಲ್ಲರೂ ಒಪ್ಪಿಕೊಂಡ ಹಿನ್ನೆಲೆಯೊಂದು ಮಾತಿನ ಅಡಿಯಲ್ಲಿ ಗಟ್ಟಿಯಾಗಿ ಕೂತಿರುವುದರಿಂದ.

ಗೆದ್ದರೂ ಸಾಯಬೇಕು

ಆ ಹಿನ್ನೆಲೆಯ ಮೊದಲ ಪದರ ಪ್ರಸಂಗದ ನಡೆ. ಯಾವ ಪಾತ್ರ ಯಾವಾಗ ಬರುತ್ತದೆ, ಯಾರು ಗೆಲ್ಲುತ್ತಾರೆ, ಯಾರು ಸಾಯುತ್ತಾರೆ ಎಂಬುದು ಪದ್ಯಗಳಲ್ಲಿ ನಿಗದಿಯಾಗಿದೆ. ಅದನ್ನು ಬದಲಿಸುವ ಹಕ್ಕು ಎಂಥ ದೊಡ್ಡ ಅರ್ಥಧಾರಿಗೂ ಇಲ್ಲ. ವಾಲಿಮೋಕ್ಷವನ್ನೇ ನೋಡಿ. ಬಾಣ ನಾಟಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ: ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ನಿನಗೂ ನನಗೂ ಇದ್ದ ಹಗೆ ಯಾವುದು? ವಾಲಿಯ ಪಾತ್ರಧಾರಿ ಸಮರ್ಥನಾದರೆ ರಾಮನ ಪಾತ್ರಧಾರಿಗೆ ಬೆವರು ಇಳಿಯುತ್ತದೆ. ತರ್ಕದಲ್ಲಿ ವಾಲಿಯೇ ಮೇಲಾದನೆಂದು ಸಭೆ ತಲೆದೂಗಿದ ಕೂಟಗಳೂ ಇವೆ. ಆದರೂ ಕೊನೆಗೆ ವಾಲಿ ಒಪ್ಪಿ, ಅಂಗದನನ್ನು ಒಪ್ಪಿಸಿ, ಕಣ್ಣು ಮುಚ್ಚಲೇಬೇಕು. ಮಾತಿನಲ್ಲಿ ಗೆದ್ದೆನೆಂದು ಅವನು ಎದ್ದು ಕಿಷ್ಕಿಂಧೆಗೆ ಹೋಗುವಂತಿಲ್ಲ.

ಕೊನೆ ಗೊತ್ತಿರುವ ಕಥೆಯಲ್ಲಿ ಸ್ವಾರಸ್ಯವೇನು ಎಂದು ಮಕ್ಕಳು ಕೇಳಬಹುದು. ಕೊನೆ ಗೊತ್ತಿರುವುದರಿಂದಲೇ ವಾಲಿ ಅಷ್ಟು ನಿರ್ಭಯವಾಗಿ ಕೇಳಬಲ್ಲ, ರಾಮನೂ ಅಷ್ಟು ತಾಳ್ಮೆಯಿಂದ ಉತ್ತರಿಸಬಲ್ಲ. ತನ್ನ ಪಾತ್ರವನ್ನು ಎದುರಿನವನು ಅಳಿಸಿಹಾಕುತ್ತಾನೆಂಬ ಭಯ ಇಬ್ಬರಿಗೂ ಇರುವುದಿಲ್ಲ.

ಎರಡನೆಯ ಪದರ ಪೀಠಿಕೆ. ಪಾತ್ರ ಮೊದಲು ಮಾತಾಡಲು ತೊಡಗುವಾಗ ತಾನು ಯಾರು, ಇದುವರೆಗೆ ಏನೇನಾಯಿತು, ಈಗ ತನ್ನ ಮನಸ್ಸು ಎಲ್ಲಿದೆ ಎಂಬುದನ್ನು ಹೇಳಿಕೊಳ್ಳುತ್ತದೆ. ಹೊಸ ಪ್ರೇಕ್ಷಕರಿಗೆ ಅದು ಕಥೆಯ ಪರಿಚಯ. ಎದುರು ಕೂತ ಅರ್ಥಧಾರಿಗೆ ಅದೇ ಸೂಚನೆ: ಇಂದಿನ ಕೌರವ ಅಹಂಕಾರಿಯೋ ನೊಂದವನೋ, ಇಂದಿನ ಭೀಷ್ಮ ಕಠಿಣನೋ ಮರುಗುವವನೋ ಎಂಬುದನ್ನು ಪೀಠಿಕೆಯಲ್ಲೇ ಹಿಡಿದುಕೊಂಡು ಅವನು ತನ್ನ ಮಾತನ್ನು ಹದಗೊಳಿಸುತ್ತಾನೆ.

ಶಲ್ಯನಿಗೆ ಹೇಳಲಾಗದ ಕಾರಣ

ಮೂರನೆಯ ಪದರವೇ ಹೊನ್ನಕೆರೆಯಲ್ಲಿ ಕುಸಿದದ್ದು: ಯಾರಿಗೆ ಏನು ಗೊತ್ತು, ಯಾವಾಗಿನಿಂದ ಗೊತ್ತು?

ಕರ್ಣನ ಜನ್ಮರಹಸ್ಯ ತಾಳಮದ್ದಳೆಯ ಸಭೆಯಲ್ಲಿ ಕೂತ ಚಿಕ್ಕ ಮಕ್ಕಳಿಗೂ ಗೊತ್ತು. ವೇದಿಕೆಯ ಮೇಲಿರುವ ಎಲ್ಲ ಅರ್ಥಧಾರಿಗಳಿಗೂ ಗೊತ್ತು. ಆದರೆ ಪಾತ್ರಗಳ ಲೆಕ್ಕ ಬೇರೆ. ಕುಂತಿಗೆ ಮೊದಲಿನಿಂದ ಗೊತ್ತು. ಕೃಷ್ಣನಿಗೆ ಗೊತ್ತು. ಭೀಷ್ಮನಿಗೆ ಗೊತ್ತಿದ್ದರೂ ಶರಶಯ್ಯೆಯ ಮೇಲೆ ಮಲಗುವವರೆಗೆ ಅವನು ಅದನ್ನು ಕರ್ಣನೊಡನೆ ಆಡಿದವನಲ್ಲ. ಕರ್ಣನಿಗೆ ತಿಳಿಯುವುದು ಯುದ್ಧಕ್ಕೆ ಮುಂಚೆ, ಸಂಧಾನಕ್ಕೆಂದು ಹಸ್ತಿನಾವತಿಗೆ ಬಂದ ಕೃಷ್ಣ ಮರಳುವಾಗ. ಧರ್ಮರಾಯ, ಭೀಮ, ಅರ್ಜುನ, ನಕುಲ, ಸಹದೇವರಿಗೆ ತಿಳಿಯುವುದು ಎಲ್ಲ ಮುಗಿದ ಮೇಲೆ, ಸತ್ತವರಿಗೆ ತರ್ಪಣ ಕೊಡುವಾಗ ಕುಂತಿ ಬಾಯಿ ಬಿಟ್ಟಾಗ.

ಕರ್ಣಪರ್ವದ ಕೂಟದಲ್ಲಿ ಅರ್ಜುನನ ಪಾತ್ರಧಾರಿ ಆವೇಶದಲ್ಲೋ ಮರುಕದಲ್ಲೋ ಒಮ್ಮೆ 'ಅಣ್ಣಾ' ಎಂದು ಬಾಯಿ ತಪ್ಪಿದರೆ ಸಾಕು, ಮಹಾಭಾರತವೇ ನಿಂತುಹೋಗುತ್ತದೆ. ಅಣ್ಣನೆಂದು ತಿಳಿದ ಮೇಲೆ ಗಾಂಡೀವ ಹೇಗೆ ಎತ್ತಿಯಾನು? ಧರ್ಮರಾಯ ಹೇಗೆ ಸುಮ್ಮನಿದ್ದಾನು? ಅದಕ್ಕೇ ಆ ಪಾತ್ರಧಾರಿ ತನಗೆ ಗೊತ್ತಿರುವುದನ್ನು ಮರೆತವನಂತೆ, ಸೂತಪುತ್ರನೆಂದೇ ಎದುರಿಸಬೇಕು.

ಇದಕ್ಕಿಂತ ಕಷ್ಟದ ಜಾಗ ಕರ್ಣ ಮತ್ತು ಸಾರಥಿ ಶಲ್ಯರ ನಡುವಿನ ಮಾತು. ಕರ್ಣ ಸರ್ಪಾಸ್ತ್ರ ಹೂಡಿದ್ದಾನೆ. ಕೃಷ್ಣ ರಥವನ್ನು ನೆಲಕ್ಕೆ ಒತ್ತಿದ್ದರಿಂದ ಬಾಣ ಅರ್ಜುನನ ಕಿರೀಟವನ್ನು ಹಾರಿಸಿಕೊಂಡು ಹೋಗಿದೆ. ಮತ್ತೆ ತೊಡು ಎಂದು ಶಲ್ಯ ಒತ್ತಾಯಿಸುತ್ತಾನೆ. ತೊಟ್ಟ ಅಂಬನ್ನು ಮರಳಿ ತೊಡುವುದಿಲ್ಲವೆಂದು ಕರ್ಣ ಕುಂತಿಗೆ ಮಾತು ಕೊಟ್ಟಿದ್ದಾನೆ; ಕನ್ನಡದ ಕಥಾಪರಂಪರೆಯಲ್ಲಿ ಬೆಳೆದವರಿಗೆಲ್ಲ ಇದು ಗೊತ್ತು. ಆದರೆ ಆ ಕಾರಣವನ್ನು ಅವನು ಶಲ್ಯನ ಮುಂದೆ ಹೇಳುವಂತಿಲ್ಲ. ಹೇಳಿದರೆ ಗುಟ್ಟು ಒಡೆಯುತ್ತದೆ, ತಾಯಿಯ ಮಾನ ಹೋಗುತ್ತದೆ. ಆದ್ದರಿಂದ ಬಿಲ್ಲುಗಾರನ ಬಿಂಕವನ್ನೋ ವೀರನ ನಿಯಮವನ್ನೋ ಮುಂದೊಡ್ಡಿ ನಿರಾಕರಿಸುತ್ತಾನೆ. ಶಲ್ಯ ಅದನ್ನು ಸೊಕ್ಕೆಂದೇ ತಿಳಿದು, ಮುನಿದು, ರಥದಿಂದ ಇಳಿದು ಹೋಗುತ್ತಾನೆ.

ಶಲ್ಯನ ಪಾತ್ರಧಾರಿಗೆ ನಿಜವಾದ ಕಾರಣ ಚೆನ್ನಾಗಿ ಗೊತ್ತು. ಅವನು ಗೊತ್ತಿಲ್ಲದವನಂತೆ ಸಿಟ್ಟಾಗುತ್ತಾನೆ. ಕರ್ಣನ ಪಾತ್ರಧಾರಿ ಆ ಸಿಟ್ಟನ್ನು ಸುಮ್ಮನೆ ನುಂಗಿಕೊಳ್ಳುತ್ತಾನೆ. ಸಭೆಯಲ್ಲಿ ಕೂತವರ ಕಣ್ಣು ಒದ್ದೆಯಾಗುವುದು ಅಲ್ಲಿ. ಶಲ್ಯನಿಗೂ ಗುಟ್ಟು ಗೊತ್ತಿದ್ದಿದ್ದರೆ ಆ ದೃಶ್ಯದಲ್ಲಿ ಅಳುವುದಕ್ಕೆ ಏನೂ ಉಳಿಯುತ್ತಿರಲಿಲ್ಲ.

ಶಾನುಭೋಗರ ಮಗ ಸಂತೆಯಲ್ಲಿ ಕೂಗಿದಾಗ ಹೊನ್ನಕೆರೆ ಕಳೆದುಕೊಂಡದ್ದು ಇದನ್ನೇ. ಅಪ್ಪನನ್ನು ಕಳೆದುಕೊಂಡ ಹುಡುಗಿ ಏನೂ ತಿಳಿಯದೆ ಅದೇ ನೀರುಗಂಟಿಯ ಮನೆಯಲ್ಲಿ ಗಂಜಿ ಕುಡಿಯುವ ದೃಶ್ಯ ಇನ್ನು ಬರುವಂತಿಲ್ಲ. ಅದನ್ನು ಬರೆಯಲೆಂದು ಎಲೆಕ್ಟ್ರಾನಿಕ್ ಸಿಟಿಯ ಹುಡುಗಿ ವಾರಗಟ್ಟಲೆ ಕಾದಿದ್ದಳು.

ಯಾವ ರಾಮಾಯಣ?

ಒಪ್ಪಂದವಿಲ್ಲದೆ ತೊಡಕಾಗುವ ಇನ್ನೊಂದು ಕಡೆ ಮೂಲಕಥೆ. ಸೀತೆಯ ಸುತ್ತ ಲಕ್ಷ್ಮಣ ಗೆರೆ ಎಳೆದ ಕಥೆ ಎಲ್ಲರ ಬಾಯಲ್ಲಿದೆ. ವಾಲ್ಮೀಕಿ ರಾಮಾಯಣದಲ್ಲಿ ಆ ಗೆರೆ ಇಲ್ಲ. ಒಬ್ಬ ಅರ್ಥಧಾರಿ ಗೆರೆಯನ್ನು ನಂಬಿ ಮಾತು ಕಟ್ಟಿ, ಎದುರಿನವರು ವಾಲ್ಮೀಕಿಯನ್ನು ಹಿಡಿದು 'ಯಾವ ಗೆರೆ?' ಎಂದರೆ ಸೀತಾಪಹಾರ ಅಲ್ಲಿಗೇ ನಿಲ್ಲುತ್ತದೆ. ಕನ್ನಡದ ಪ್ರಸಂಗಕವಿಗಳ ಮುಂದೆ ವ್ಯಾಸ, ವಾಲ್ಮೀಕಿಯರ ಜೊತೆಗೆ ಕುಮಾರವ್ಯಾಸನ ಭಾರತ, ತೊರವೆ ರಾಮಾಯಣ, ಲಕ್ಷ್ಮೀಶನ ಜೈಮಿನಿ ಭಾರತ ಇದ್ದವು. ಒಂದೊಂದರಲ್ಲಿ ಒಂದೊಂದು ವಿವರ. ಆದ್ದರಿಂದ ಕೂಟದಲ್ಲಿ ಮೊದಲ ಪ್ರಮಾಣ ಅಂದು ಹಾಡುತ್ತಿರುವ ಪ್ರಸಂಗದ ಪದ್ಯ. ಪದ್ಯ ಹೇಳಿದ್ದನ್ನು ಅಲ್ಲಗಳೆಯುವಂತಿಲ್ಲ. ಪದ್ಯ ಸುಮ್ಮನಿದ್ದಲ್ಲಿ ಕಲ್ಪನೆಗೆ ಅವಕಾಶ.

ಹಾಗಾದರೆ ಆ ಪದ್ಯಗಳು ಎಲ್ಲರ ಕೈಗೂ ಸಿಗಬೇಕಲ್ಲ? ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಿಂದ ಹಿಡಿದು, ನಂದಳಿಕೆಯ ಮುದ್ದಣ ಬರೆದ 'ರತ್ನಾವತಿ ಕಲ್ಯಾಣ', 'ಕುಮಾರ ವಿಜಯ'ಗಳವರೆಗೆ ಸಾಕಷ್ಟು ಪ್ರಸಂಗಗಳಿವೆ. ಹಲವು ಹಳೆಯ ಮುದ್ರಣಗಳು ಅಂಗಡಿಯಲ್ಲಿ ಸಿಗುವುದಿಲ್ಲ. 'ಯಕ್ಷವಾಹಿನಿ' ಎಂಬ ಬಳಗದ ಸ್ವಯಂಸೇವಕರು ಇಂಥ ಪ್ರಸಂಗಗಳನ್ನು ಕಲೆಹಾಕಿ, ಕಂಪ್ಯೂಟರಿಗೆ ಏರಿಸಿ, ಆಸಕ್ತರಿಗೆ ದೊರಕಿಸುವ ಕೆಲಸದಲ್ಲಿ ತೊಡಗಿಕೊಂಡಿದ್ದಾರೆ. ಬೇರೆ ಬೇರೆ ಊರಿನಲ್ಲಿರುವ ಭಾಗವತರೂ ಅರ್ಥಧಾರಿಗಳೂ ಕೂಟಕ್ಕೆ ಮುಂಚೆ ಒಂದೇ ಪಾಠವನ್ನು ಓದಿಕೊಂಡು ಬರಲು ಇದರಿಂದ ಸಾಧ್ಯವಾಗಿದೆ.

ಭಾಗವತರ ಕೈಯಲ್ಲಿ ಲಗಾಮು

ಒಪ್ಪಂದ ಇದ್ದರೂ ಅದನ್ನು ಕಾಯುವವರು ಬೇಕು. ಆ ಕೆಲಸ ಭಾಗವತರದು. ಒಬ್ಬರ ಮಾತು ಹದ ಮೀರಿ ಲಂಬಿಸಿದರೆ ಅವರು ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ. ಚರ್ಚೆ ಅಡ್ಡದಾರಿ ಹಿಡಿದರೆ ಪದ್ಯವೇ ಅದನ್ನು ಮರಳಿ ಕಥೆಗೆ ತರುತ್ತದೆ. ಅವರು ಯಾವ ಪಾತ್ರವನ್ನೂ ವಹಿಸಿದವರಲ್ಲ. ಹಾಗಾಗಿ ಯಾರ ಗೆಲುವಿನಲ್ಲೂ ಅವರಿಗೆ ಪಾಲಿಲ್ಲ. ಪಾತ್ರದ ಸಿಟ್ಟು ಪಾತ್ರಧಾರಿಯ ಸಿಟ್ಟಾಗಿ ತಿರುಗಿ, ವೈಯಕ್ತಿಕ ಜಿದ್ದಿಗೆ ಬಿದ್ದ ಕೂಟಗಳು ಇಲ್ಲದಿಲ್ಲ. ಅಂಥದನ್ನು ರಸಿಕರು ಮೆಚ್ಚುವುದಿಲ್ಲ. ಮಂಗಳಪದ ಮುಗಿದ ಮೇಲೆ ರಾಮನೂ ವಾಲಿಯೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವುದೇ ಮರ್ಯಾದೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಮೇಳಗಳ ತಿರುಗಾಟ ನಡುವೆಯೇ ನಿಂತಾಗ ತಾಳಮದ್ದಳೆಯೂ ಪರದೆಗೆ ಬಂತು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಧ್ವನಿಮುದ್ರಣ ಕಳಿಸುತ್ತ ಕೂಟ ನಡೆಸಿದವರೂ ಉಂಟು. ಇಂಟರ್‌ನೆಟ್ಟಿನಲ್ಲಿ ಧ್ವನಿ ಕ್ಷಣದ ಒಂದು ಪಾಲು ತಡವಾಗಿ ತಲುಪಿದರೂ ತಾಳ ತಪ್ಪುತ್ತದೆ. ಆದ್ದರಿಂದ ಭಾಗವತರೂ ಮದ್ದಳೆಯವರೂ ಒಂದೇ ಕಡೆ ಕೂರುವುದು ಅನಿವಾರ್ಯ. ಅರ್ಥಧಾರಿಗಳಿಗೆ ಆ ತೊಂದರೆ ಇಲ್ಲ. ಒಬ್ಬರು ಕಾಸರಗೋಡಿನಲ್ಲಿ, ಒಬ್ಬರು ಬೆಂಗಳೂರಿನಲ್ಲಿ ಕೂತು ಮಾತಾಡಬಹುದು. ಮುಖ ಕಾಣದಿದ್ದರೂ ಕಥೆ ಕೂಡಿಬರುತ್ತದೆ, ಏಕೆಂದರೆ ಪ್ರಸಂಗ ಇಬ್ಬರ ಕೈಯಲ್ಲೂ ಒಂದೇ.

ಕಥೆಯಾಟಕ್ಕೆ ಐದು ಕಟ್ಟಳೆ

ಕೂಡಿ ಕಥೆ ಆಡುವ ವಿದ್ಯಾರ್ಥಿಗಳು ತಾಳಮದ್ದಳೆಯಿಂದ ಎತ್ತಿಕೊಳ್ಳಬಹುದಾದ ಕ್ರಮ ಇಷ್ಟು.

1. ಎಲ್ಲರಿಗೂ ಕಾಣುವ ಒಂದು ಕಡತವಿರಲಿ. ಊರು, ಕಾಲ, ರಾಜ, ನಡೆದುಹೋದ ದೊಡ್ಡ ಘಟನೆಗಳು ಅದರಲ್ಲಿ ತಾರೀಕಿನ ಕ್ರಮದಲ್ಲಿ ಇರಲಿ. ಅದರಲ್ಲಿ ಬರೆದದ್ದು ಪ್ರಸಂಗದ ಪದ್ಯವಿದ್ದಂತೆ. ಬದಲಿಸಬೇಕಾದರೆ ಎಲ್ಲರ ಒಪ್ಪಿಗೆ ಬೇಕು.

2. ಪ್ರತಿ ಗುಟ್ಟಿನ ಮುಂದೆ ಅದು ಯಾವ ಯಾವ ಪಾತ್ರಕ್ಕೆ ಗೊತ್ತು, ಯಾವಾಗ ಗೊತ್ತಾಯಿತು ಎಂದು ಬರೆದಿಡಿ. ಮಾತಾಡುವ ಮೊದಲು ಆ ಪಟ್ಟಿಯನ್ನೊಮ್ಮೆ ನೋಡಿ.

3. ಇನ್ನೊಬ್ಬರ ಪಾತ್ರ ಅತ್ತಿತು, ಸೋತಿತು, ಒಪ್ಪಿತು ಎಂದು ಬರೆಯಬೇಡಿ. ಪ್ರಶ್ನೆ ನಿಮ್ಮದು, ಉತ್ತರ ಅವರದು.

4. ಎಲ್ಲರಿಗೂ ತಟ್ಟುವ ಘಟನೆ, ಉದಾಹರಣೆಗೆ ಬರ, ಯುದ್ಧ, ರಾಜನ ಸಾವು, ಒಬ್ಬರ ತೀರ್ಮಾನವಾಗಬಾರದು. ನಿಮ್ಮ ಪಾತ್ರದ ಮನೆಯೊಳಗಿನ ಸಂಗತಿ ನಿಮ್ಮ ಇಷ್ಟ.

5. ವಾರಕ್ಕೊಬ್ಬರು ಸರದಿಯಂತೆ ಭಾಗವತರಾಗಿ. ಆ ವಾರ ಅವರ ಪಾತ್ರಕ್ಕೆ ರಜೆ.

ಇಷ್ಟೆಲ್ಲ ಮಾಡಿದರೂ ತಪ್ಪು ನುಸುಳುತ್ತದೆ. ಆಗ ಹಿಂದಿನದನ್ನು ಅಳಿಸಿ ಹೊಸದಾಗಿ ಬರೆಯುವ ಆತುರ ಬೇಡ. ಆರ್ಥರ್ ಕಾನನ್ ಡಾಯಲ್ 1893ರಲ್ಲಿ ಷೆರ್ಲಾಕ್ ಹೋಮ್ಸ್‌ನನ್ನು ಜಲಪಾತವೊಂದರಲ್ಲಿ ಕೊಂದಿದ್ದರು. 1903ರಲ್ಲಿ ಅವನನ್ನು ಮರಳಿ ಕರೆತರಬೇಕಾಯಿತು. ಹಳೆಯ ಕಥೆಯ ಒಂದು ಸಾಲನ್ನೂ ಅವರು ಅಳಿಸಲಿಲ್ಲ. ಅದರಲ್ಲಿ ವಾಟ್ಸನ್ ಕಂಡದ್ದು ಪ್ರಪಾತದ ಅಂಚಿನವರೆಗೆ ಹೋಗಿ ನಿಂತ ಹೆಜ್ಜೆಗುರುತುಗಳನ್ನೇ ಹೊರತು ಹೆಣವನ್ನಲ್ಲ. ಹೋಮ್ಸ್ ಬಂಡೆ ಹತ್ತಿ ತಪ್ಪಿಸಿಕೊಂಡಿದ್ದ ಎಂದು ಕಥೆ ಮುಂದುವರಿಯಿತು. ಹಿಂದೆ ನಂಬಿ ಓದಿದವರಿಗೆ ಮೋಸವಾಗಲಿಲ್ಲ.

ತಂದೆ ತಾಯಿಗೆ ಒಂದು ಮಾತು

ಪರದೆಯ ಮುಂದೆ ಕೂತ ಮಕ್ಕಳೆಲ್ಲ ಹೊತ್ತು ಕಳೆಯುತ್ತಿದ್ದಾರೆಂದು ಹೇಳಲಾಗದು. ಕೂಡಿ ಕಥೆ ಕಟ್ಟುವ ಹುಡುಗ ಬರೆಯುತ್ತಿದ್ದಾನೆ, ಇನ್ನೊಬ್ಬರು ಬರೆದದ್ದನ್ನು ಗಮನವಿಟ್ಟು ಓದುತ್ತಿದ್ದಾನೆ, ತನಗೆ ಗೊತ್ತಿರುವುದು ಎದುರಿನವನಿಗೆ ಗೊತ್ತಿಲ್ಲದಿರಬಹುದು ಎಂದು ಕಲಿಯುತ್ತಿದ್ದಾನೆ. ಈ ಕೊನೆಯ ಪಾಠ ದೊಡ್ಡವರಿಗೂ ಸುಲಭವಲ್ಲ. ಹಾಗೆಂದು ಕಣ್ಣು ಮುಚ್ಚಿ ಕೂರುವಂತೆಯೂ ಇಲ್ಲ. ಗುಂಪಿನಲ್ಲಿ ಯಾರಿದ್ದಾರೆ, ಅವರ ಮುಖಪರಿಚಯ ಮಗುವಿಗೆ ಇದೆಯೇ ಎಂದು ಕೇಳಿ ತಿಳಿಯಬೇಕು. ಡಿಸ್ಕಾರ್ಡ್ ತನ್ನ ನಿಯಮದಲ್ಲೇ ಕನಿಷ್ಠ 13 ವರ್ಷವಾಗಿರಬೇಕೆಂದು ಹೇಳುತ್ತದೆ. ಪಾತ್ರದ ಹೆಸರಿನಲ್ಲಿ ಮಾತಾಡುವಾಗಲೂ ಮನೆಯ ವಿಳಾಸ, ಶಾಲೆಯ ಹೆಸರು, ಫೋಟೋಗಳನ್ನು ಅಪರಿಚಿತರಿಗೆ ಕೊಡಬಾರದೆಂದು ಮಕ್ಕಳಿಗೆ ತಿಳಿಹೇಳಬೇಕು. ಕೂಟಕ್ಕೆ ಮಂಗಳಪದ ಇರುವ ಹಾಗೆ ಆಟಕ್ಕೂ ಮುಗಿಯುವ ಹೊತ್ತು ಗೊತ್ತಿರಬೇಕು.

'ಏನೋ ಅದು?' ಎಂದು ಗದರುವ ಬದಲು, 'ನಿನ್ನ ಪಾತ್ರ ಯಾವುದು? ಅವನಿಗೆ ಏನು ಗೊತ್ತು?' ಎಂದು ಒಮ್ಮೆ ಕೇಳಿದರೆ ಮಕ್ಕಳು ಗಂಟೆಗಟ್ಟಲೆ ಹೇಳಿಯಾರು. ಆಷಾಢದಲ್ಲಿ ಎಲ್ಲಾದರೂ ತಾಳಮದ್ದಳೆ ಇದೆಯೆಂದು ತಿಳಿದರೆ ಅವರನ್ನು ಕರೆದುಕೊಂಡು ಹೋಗಿ ಕೂರಿಸಬಹುದು. ಭಾಷೆ ಮೊದಲು ಕಷ್ಟವೆನಿಸೀತು. ಆಟದ ಹದ ಅವರಿಗೆ ಬೇಗ ತಿಳಿಯುತ್ತದೆ.

ಇನ್ನು ಹೊನ್ನಕೆರೆ. ಅದು ಹೀಗೆ ಸರಿಹೋಗಬಹುದು. ನೀರುಗಂಟಿ ಅತ್ತು ಒಪ್ಪಿಕೊಂಡ ಎಂಬ ಸಾಲನ್ನು ಪೀಣ್ಯದ ಹುಡುಗ ತಾನೇ ತೆಗೆದುಹಾಕುತ್ತಾನೆ. ಅದು ಅವನು ಬರೆಯಬೇಕಾದ ಸಾಲಾಗಿರಲಿಲ್ಲ. ಸಂತೆಯ ಕೂಗು ಹಾಗೇ ಉಳಿಯುತ್ತದೆ. ಆದರೆ ಶಾನುಭೋಗರ ಮಗನಿಗೆ ಏನೂ ಗೊತ್ತಿಲ್ಲ; ಹಳೆಯ ಹಗೆಯಿಂದ ಕತ್ತಲಲ್ಲಿ ಕಲ್ಲು ಬೀಸಿದ್ದಾನೆ, ಅಷ್ಟೆ. ಸಂತೆಯ ಜನ ಅವನನ್ನು ನಂಬುವುದಿಲ್ಲ. ಅಪ್ಪನನ್ನು ಕಳೆದುಕೊಂಡ ಹುಡುಗಿ ಎಲ್ಲರಿಗಿಂತ ಮುಂದೆ ಬಂದು, 'ಪಾಪದ ಮುದುಕನ ಮೇಲೆ ಯಾಕೆ ಅಪವಾದ ಹೊರಿಸುತ್ತೀಯ?' ಎಂದು ಅವನನ್ನೇ ಬೈಯುತ್ತಾಳೆ.

ಈಗ ಮಾತಾಡುವ ಸರದಿ ನೀರುಗಂಟಿಯದು. ವೈಟ್‌ಫೀಲ್ಡಿನ ಹುಡುಗ ಬಹಳ ಹೊತ್ತು ಯೋಚಿಸಿ, 'ನೀರುಗಂಟಿ ಅವಳ ಮುಖ ನೋಡದೆ ಏರಿಯ ಕಡೆಗೆ ನಡೆದ' ಎಂದಷ್ಟೇ ಬರೆದು ನಿಲ್ಲಿಸುತ್ತಾನೆ.